ಗುಡಾಣದ ಮಾತು

ಒಂದು ಕಾಡಿನಲ್ಲಿ ಒಂದು ನಿಯಮವಿತ್ತು. ಗುಡಾಣದ ಮಾತು ಮುಗಿಯುವ ತನಕ ಅದರೊಳಗಿನ ಹೆಂಡವನ್ನು ಸೋರೆಬುರುಡೆಗೆ ತುಂಬಿ ಬಿರಡೆ ಹಾಕಬಾರದು. ನಿಯಮ ಅಷ್ಟೇ. ಅದನ್ನು ಅರಿಯದ ಪ್ರಾಣಿ ಆ ಕಾಡಿನಲ್ಲಿ ಒಂದೂ ಇರಲಿಲ್ಲ. ಗೊತ್ತಿದ್ದೇ ಮುರಿದವು.

ಹೆಂಡ ಮಾಡುತ್ತಿದ್ದವನು ಕರಡಿಯಜ್ಜ. ಆಚೆ ಗುಡ್ಡದ ಮಂಗಗಳು ರಾಗಿ ತಂದುಕೊಟ್ಟಿದ್ದವು. ಅಜ್ಜ ಅದನ್ನು ಮೊಳಕೆ ಬರಿಸಿ, ಒಣಗಿಸಿ, ಕುಟ್ಟಿ, ಕುದಿಸಿ, ಆರಿದ ಮೇಲೆ ದೊಡ್ಡ ಮಣ್ಣಿನ ಗುಡಾಣಕ್ಕೆ ಸುರಿದು ಬೆಚ್ಚಗಿನ ಬಂಡೆಯ ಮೇಲೆ ಇಟ್ಟಿದ್ದ. ಸ್ವಲ್ಪ ದಿನಕ್ಕೆ ಗುಡಾಣ ಮಾತಿಗೆ ತೊಡಗಿತು. ಗುಳು ಗುಳು, ಬುಳುಕ್, ಗುಳು.

ಅದು ಏನು ಹೇಳುತ್ತಿದೆ? ಎಲ್ಲರಿಗೂ ಕುತೂಹಲ. ನವಿಲು ಕತ್ತು ಓರೆ ಮಾಡಿ ಕೇಳಿತು. ಕಾಡುಕೋಣ ಕಿವಿಯಿಟ್ಟು ಕೇಳುತ್ತಾ ಕೇಳುತ್ತಾ ಅಲ್ಲೇ ನಿದ್ದೆ ಹೋಯಿತು.

"ಮಂಗಗಳನ್ನ ಕರಕೊಂಡು ಬರ್ತೀನಿ. ರಾಗಿ ಅವರದು, ಅರ್ಧ ಪಾಲು ಅವರಿಗೆ. ಅಷ್ಟರಲ್ಲಿ ಬುರುಡೆ ತೊಳೆದಿಡಿ" ಎಂದು ಹೇಳಿ ಅಜ್ಜ ಹೊರಟ.

ಪ್ರಾಣಿಗಳು ತಮ್ಮ ತಮ್ಮ ಸೋರೆಬುರುಡೆಗಳನ್ನು ತೊಳೆದು ಬೋರಲು ಹಾಕಿದವು. ಬುರುಡೆಯೆಂದರೆ ಸುಮ್ಮನೆ ಅಲ್ಲ. ಬಳ್ಳಿಯಲ್ಲಿ ಬಲಿಯಬೇಕು, ಒಣಗಬೇಕು, ತಿರುಳು ಕೆರೆದು ತೆಗೆಯಬೇಕು. ಒಂದು ಒಡೆದರೆ ಮುಂದಿನ ವರ್ಷದ ತನಕ ಕಾಯಬೇಕು. ನರಿಗೆ ಬುರುಡೆಗಳ ಒಂದು ಮಾಲೆಯೇ ಇತ್ತು. ಮುಳ್ಳುಹಂದಿಗೆ ಇದ್ದದ್ದು ಒಂದೇ.

"ಅರ್ಧ ಪಾಲಂತೆ!" ಎಂದಿತು ನರಿ. "ಮಂಗಗಳು ಬರೋದರೊಳಗೆ ತುಂಬಿಕೊಂಡರೆ ಪೂರ್ತಿ ನಮ್ಮದೇ ಅಲ್ವೇನ್ರೋ?"

"ಗುಡಾಣ ಇನ್ನೂ ಮಾತಾಡ್ತಿದೆಯಲ್ಲ ನರಿಯಣ್ಣ" ಎಂದಿತು ನವಿಲು.

"ಅದರ ಬಾಯಿ ಮುಚ್ಚಿಸೋದು ನನಗೆ ಬಿಡು. ಕೋಣಣ್ಣ, ಬಾ ಇಲ್ಲಿ. ಸ್ವಲ್ಪ ಹೊರು."

ಕಾಡುಕೋಣ ಗುಡಾಣವನ್ನು ಹೊತ್ತು, ಬಿಸಿಲೇ ಬೀಳದ ಹಳ್ಳದ ಮಡುವಿಗೆ ಇಳಿಸಿತು. ಕುತ್ತಿಗೆಯ ತನಕ ಕೊರೆಯುವ ನೀರು. ಬೆಳಗಾಗುವಷ್ಟರಲ್ಲಿ ಗುಡಾಣ ಮೌನವಾಗಿತ್ತು. ನವಿಲು ಕೇಳಿತು. ಕಾಡುಕೋಣ ಕೇಳಿತು. ಸದ್ದೇ ಇಲ್ಲ.

ಮುಳ್ಳುಹಂದಿಯೂ ಕಿವಿಯಿಟ್ಟಿತು. ಆಮೇಲೆ ಗುಡಾಣದ ಹೊಟ್ಟೆಯನ್ನು ಮುಟ್ಟಿ ನೋಡಿತು. "ಮಂಜಿನ ಹಾಗಿದೆ. ಇದರ ಮಾತು ಮುಗಿದಿಲ್ಲ, ಚಳಿಗೆ ಮುದುಡಿಕೊಂಡಿದೆ."

"ನಿಯಮದಲ್ಲಿ ಚಳಿ ಅಂತ ಎಲ್ಲಿದೆ ಮುಳ್ಳಕ್ಕ?" ಎಂದು ನರಿ ನಕ್ಕಿತು. "ಸದ್ದಿಲ್ಲ ತಾನೇ? ತುಂಬೋಣ. ನಿನ್ನ ಬುರುಡೆ ಕೊಡು."

"ಕೊಡೋದಿಲ್ಲ."

"ಹಾಗಾದರೆ ನಿನಗೆ ತಳದ ಗಸಿಯೇ ಗತಿ."

"ಆಗಲಿ."

ಉಳಿದವರು ಬುರುಡೆ ತುಂಬಿದರು. ಬಿರಡೆ ಜಡಿದು, ಮೇಲೆ ಜೇನುಮೇಣ ಮೆತ್ತಿದರು. ನರಿ ತನ್ನ ಮಾಲೆಯನ್ನು ಕೊರಳಿಗೆ ಹಾಕಿಕೊಂಡು ಮದುಮಗನ ಹಾಗೆ ಗವಿಯತ್ತ ನಡೆಯಿತು. ಮುಳ್ಳುಹಂದಿ ಕಾಡುಕೋಣನಿಗೆ ಹೇಳಿತು: "ಅಣ್ಣಾ, ಗುಡಾಣವನ್ನ ಮೊದಲಿದ್ದ ಬಂಡೆ ಮೇಲೇ ಇಟ್ಟು ಹೋಗು." ಕಾಡುಕೋಣ ತಲೆ ತಗ್ಗಿಸಿಕೊಂಡು ಇಟ್ಟಿತು.

ಬಿಸಿಲೇರಿತು. ಬಂಡೆ ಕಾಯಿತು. ತಳದಲ್ಲಿ ಉಳಿದಿದ್ದ ಹೆಂಡ ಮೆಲ್ಲಗೆ ಬಾಯಿ ಬಿಟ್ಟಿತು. ಗುಳು.

"ನವಿಲಮ್ಮಾ! ನರಿಯಣ್ಣಾ! ಬಿರಡೆ ತೆಗೀರಿ! ಮಾತು ಶುರುವಾಯ್ತು!" ಎಂದು ಮುಳ್ಳುಹಂದಿ ಕೂಗಿತು.

"ಹೊಟ್ಟೆಕಿಚ್ಚು ನೋಡು ಇದಕ್ಕೆ!" ಎಂದು ನರಿ ತಿರುಗಿಯೂ ನೋಡದೆ ನಡೆಯಿತು.

ಬಿಸಿಲಿಗೆ ಬುರುಡೆಗಳೊಳಗೂ ಮಾತು ಶುರುವಾಗಿ, ಮೊದಲು ಸಿಡಿದದ್ದು ನವಿಲಿನ ಬುರುಡೆ. ಆಮೇಲೆ ಕಾಡುಕೋಣನದು. ಕೊನೆಗೆ ನರಿಯ ಮಾಲೆ, ಒಂದರ ಹಿಂದೊಂದು, ಢಬ್! ಢಬ್! ಢಬ್! ಎಂದು ಕೊರಳಲ್ಲೇ ಒಡೆಯಿತು. ಬಿರಡೆಯೊಂದು ಮೂಗಿಗೆ ಬಡಿಯಿತು. ನರಿ ಊಳಿಡುತ್ತಾ, ಮೈಯೆಲ್ಲ ನೊರೆಯಾಗಿ ತಿರುಗಿ ಓಡಿತು. ಓಡಿದ್ದು ನೇರವಾಗಿ ಕರಡಿಯಜ್ಜನ ಮತ್ತು ಮಂಗಗಳ ಎದುರಿಗೆ.

ಅಜ್ಜ ಮೂಸಿ ನೋಡಿದ. ಏನನ್ನೂ ಕೇಳಬೇಕಾಗಲಿಲ್ಲ. "ನಡಿ ಆಚೆ. ಇನ್ನು ನನ್ನ ಗುಡಾಣದ ಹತ್ತಿರ ನಿನ್ನ ನೆರಳೂ ಬೀಳಬಾರದು" ಎಂದ. ನರಿ ಬಾಲ ಮುದುಡಿಕೊಂಡು ಹೋಯಿತು.

ಇಡೀ ಕಾಡಿನಲ್ಲಿ ಉಳಿದಿದ್ದದ್ದು ಗುಡಾಣದ ತಳದಷ್ಟು ಹೆಂಡ, ಒಂದು ಬುರುಡೆ. ಎಲ್ಲರೂ ಸುತ್ತ ಕೂತು ಕಾದರು. ಕೆಲವು ದಿನಗಳ ಮೇಲೆ ಗುಡಾಣ ಬೆಚ್ಚಗಿದ್ದೂ ಸುಮ್ಮನಾಯಿತು.

"ಮುಗೀತು! ತುಂಬು ಅಕ್ಕ, ಬೇಗ!" ಎಂದು ಮಂಗಗಳು ಕುಣಿದವು. "ಇನ್ನೇನು ಅನುಮಾನ?" ಎಂದಿತು ನವಿಲು.

ಮುಳ್ಳುಹಂದಿ ಬುರುಡೆಯನ್ನು ಪಕ್ಕಕ್ಕಿಟ್ಟಿತು. ಬಿಸಿಯಾದ ಗುಡಾಣಕ್ಕೆ ಇನ್ನೊಮ್ಮೆ ಕಿವಿಯಿಟ್ಟು ಕೂತಿತು.

ನೀತಿ: ನಿಯಮದ ಕಣ್ಣಿಗೆ ಮಣ್ಣೆರಚುವುದೂ ನಿಯಮ ಮುರಿದಂತೆಯೇ.