ಕಂಡದ್ದನ್ನು ಕೊಲ್ಲುವವಳು

ಶಿಷ್ಯ ಕೇಳಿದ: "ಬುದ್ಧಿ, ನಿನ್ನೆ ಧ್ಯಾನದಲ್ಲಿ ನನಗೊಂದು ಬೆಳಕು ಕಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಅದು ಮೇಲಿನಿಂದಲೇ ಬಂದದ್ದು. ನಾಳೆ ಸಭೆಯಲ್ಲಿ ಜನರಿಗೆ ಹೇಳಲೇ?"

ಗುರುಗಳು ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು. ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ಖಗೋಳಜ್ಞೆ ಇದ್ದಳು. ಅವಳದೊಂದು ಪೆಟ್ಟಿಗೆ ಉಪಗ್ರಹವಾಗಿ ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಿತ್ತು. ದೂರದಲ್ಲೆಲ್ಲೋ ಒಂದು ನಕ್ಷತ್ರ ಕುಸಿದರೆ ಗಾಮಾ ಕಿರಣಗಳ ಒಂದು ಅಲೆ ಹೊರಡುತ್ತದೆ. ಕಣ್ಣಿಗೆ ಕಾಣದ ಕಿರಣ. ಕೋಟ್ಯಂತರ ವರ್ಷ ಸಾಗಿ ಬಂದು ಒಂದೇ ಕ್ಷಣದಲ್ಲಿ ನಮ್ಮನ್ನು ದಾಟಿಹೋಗುತ್ತದೆ. ಮುನ್ಸೂಚನೆ ಇಲ್ಲ, ಎರಡನೆಯ ಸಲ ಇಲ್ಲ. ಆ ಕ್ಷಣವನ್ನು ಹಿಡಿಯುವುದೇ ಪೆಟ್ಟಿಗೆಯ ಕೆಲಸ.

ಪೆಟ್ಟಿಗೆ ಹಳೆಯದಾಗಿತ್ತು. ಅದಕ್ಕೆ ಸಿಕ್ಕಿದ್ದೆಲ್ಲ ಬೇರೆಯವರೂ ಕಂಡದ್ದೇ. ಮುಂದಿನ ವಾರ ಮೇಲಧಿಕಾರಿಗಳ ಸಭೆ. ಹೊಸದೇನೂ ತೋರಿಸದಿದ್ದರೆ ಪೆಟ್ಟಿಗೆಯನ್ನು ನಿಲ್ಲಿಸಿಬಿಡುವುದೆಂದು ಮಾತಾಗಿತ್ತು.

ಅಂಥ ಹೊತ್ತಿನಲ್ಲಿ, ಒಂದು ಮಧ್ಯಾಹ್ನ, ಪೆಟ್ಟಿಗೆಗೊಂದು ಮಿಂಚು ಸಿಕ್ಕಿತು. ಅರೆಕ್ಷಣ. ಅಷ್ಟು ಪ್ರಖರವಾದದ್ದನ್ನು ಅವಳು ಕಂಡಿರಲಿಲ್ಲ. ಯಾರೂ ಕಂಡಿರಲಿಲ್ಲ.

ಜೊತೆಗಾರ ಕುರ್ಚಿಯಿಂದ ಎದ್ದೇಬಿಟ್ಟ. "ಮೇಡಂ, ಗೆದ್ದೆವು! ಸಿಹಿ ತರಿಸಲೇ?"

"ಮೊದಲು ಇದನ್ನು ಕೊಲ್ಲೋಣ ಕಣಯ್ಯ. ಸಾಯದಿದ್ದರೆ ಸಿಹಿ."

ಆ ಕಸುಬಿನ ರೀತಿಯೇ ಅದು. ಸಿಕ್ಕಿದ್ದನ್ನು ಎತ್ತಿ ತೋರಿಸುವ ಮೊದಲು, ಅದು ಸುಳ್ಳಾಗಬಹುದಾದ ದಾರಿಗಳನ್ನೆಲ್ಲ ತಡಕಬೇಕು. ಸೂರ್ಯ, ಸಿಡಿಲು ಎರಡೂ ಇಂಥ ಕಿರಣ ಕಾರುವುದುಂಟು. ಸೂರ್ಯ ಕೆರಳಿದ್ದನೇ? ಇಲ್ಲ. ಕೆಳಗೆ ಸಿಡಿಲಿನ ಮೋಡವಿತ್ತೇ? ಅದೂ ಇಲ್ಲ. ಮಿಂಚು ಸಾಯಲಿಲ್ಲ.

ಉಳಿದದ್ದು ಒಂದು ಪರೀಕ್ಷೆ. ಬಾನಿನಿಂದ ಬಂದ ಅಲೆ ಒಂದೇ ಪೆಟ್ಟಿಗೆಯನ್ನು ತಟ್ಟಿ ಹೋಗುವುದಿಲ್ಲ. ಚಂದ್ರನಿಗಿಂತ ಆಚೆ ಇನ್ನೊಂದು ಪೆಟ್ಟಿಗೆ ಇತ್ತು. ಅದನ್ನು ನಡೆಸುತ್ತಿದ್ದವನೂ ಖಗೋಳಜ್ಞನೇ. ಹಿಂದೊಮ್ಮೆ ತುಂಬಿದ ಸಭೆಯಲ್ಲಿ ಇವಳ ಲೇಖನವನ್ನು ಕಸವೆಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಅವರನ್ನೇ? ಬೇಡ ಮೇಡಂ" ಎಂದ ಜೊತೆಗಾರ. "ಸಭೆ ಮುಗಿಯಲಿ, ಪೆಟ್ಟಿಗೆ ಉಳಿಯಲಿ. ಆಮೇಲೆ ಕೇಳಿದರಾಯಿತು."

ಅವಳಿಗೂ ಆಸೆಯಿತ್ತು. ಆ ಪೆಟ್ಟಿಗೆಯ ಹಿಂದೆ ಅವಳ ತಲೆ ನರೆತಿತ್ತು. ಆದರೂ ಫೋನು ಎತ್ತಿಕೊಂಡು ಅವನಿಗೇ ಮಾಡಿದಳು.

"ಏನಮ್ಮ, ನನ್ನ ನೆನಪು ಹೇಗಾಯಿತು? ಕಸ ಹೆಚ್ಚಾಯಿತೇ?" ಎಂದ ಅವನು.

"ಗಂಟೆ, ನಿಮಿಷ ಹೇಳುತ್ತೇನೆ. ಅದರ ಹಿಂದೆಮುಂದೆ ನಿಮ್ಮಲ್ಲೇನಿದೆ ನೋಡಿ. ನಮ್ಮಲ್ಲೇನಿದೆ ಎಂದು ಹೇಳುವುದಿಲ್ಲ."

ಹೇಳಿದರೆ ಅವನ ಕಣ್ಣು ಅದನ್ನೇ ಹುಡುಕೀತು. ಅದು ಅವನಿಗೂ ಗೊತ್ತು. ದನಿ ಬದಲಾಯಿತು. "ನೋಡುತ್ತೇನೆ" ಎಂದ.

ಸಂಜೆ ಉತ್ತರ ಬಂತು. ಅವನ ಪೆಟ್ಟಿಗೆ ಎಚ್ಚರವಾಗಿಯೇ ಇತ್ತು. ಏನನ್ನೂ ಕಂಡಿರಲಿಲ್ಲ.

ಅವಳು ಮತ್ತೆ ಹುಡುಕಿದಳು. ಈ ಸಲ ಹೊರಗಲ್ಲ, ಪೆಟ್ಟಿಗೆಯೊಳಗೆ. ಸಿಕ್ಕಿತು. ಭೂಮಿಯ ನೆರಳಿನಿಂದ ಬಿಸಿಲಿಗೆ ಬರುವಾಗ ಒಳಗೇ ಒಂದು ವಿದ್ಯುತ್ ಕಿಡಿ ಹಾರಿತ್ತು. ಸಭೆಯಲ್ಲಿ ಎದ್ದುನಿಂತು ಅವಳೇ ಅದನ್ನು ಹೇಳಿದಳು. ಹೊಸದು ಬೇರೇನಾದರೂ ಇದೆಯೇ ಎಂದರು. ಇಲ್ಲ ಎಂದಳು. ತಿಂಗಳ ಕೊನೆಗೆ ಪೆಟ್ಟಿಗೆಯನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು.

ತಿಂಗಳು ಮುಗಿಯುವ ಮೊದಲು ಫೋನು ಬಂತು. ಅವನೇ.

"ನನಗೊಂದು ಸಿಕ್ಕಿದೆ ತಾಯಿ. ಇನ್ನೂ ಯಾರಿಗೂ ಹೇಳಿಲ್ಲ. ಅದು ಬಂದ ಹೊತ್ತು ಹೇಳುತ್ತೇನೆ, ನೀವು ಕೊಲ್ಲಿ."

"ನಾನೇ ಯಾಕೆ?"

"ಬೇರೆಯವರು ಹೌದೆಂದರೆ ನನಗೆ ನಿದ್ದೆ ಬರುವುದಿಲ್ಲ."

ಅವಳು ಊಟ ಬಿಟ್ಟು ಕೂತು ಕೊಲ್ಲಲು ನೋಡಿದಳು. ಆಗಲಿಲ್ಲ. ಅದೇ ಅಲೆ ಅವಳ ಪೆಟ್ಟಿಗೆಯನ್ನೂ ತಟ್ಟಿತ್ತು, ಚೂರು ತಡವಾಗಿ. ಇನ್ನೂ ದೂರದಲ್ಲಿದ್ದ ಮೂರನೆಯ ಪೆಟ್ಟಿಗೆಯವರನ್ನು ಇಬ್ಬರೂ ಸೇರಿ ಕೇಳಿದರು. ಅಲ್ಲೂ ಇತ್ತು. ಯಾವುದನ್ನು ಮೊದಲು ತಟ್ಟಿತು, ಯಾವುದನ್ನು ಆಮೇಲೆ ಎಂಬುದರಿಂದ ಅಲೆ ಬಂದ ದಿಕ್ಕು ತಿಳಿಯಿತು. ದೂರದರ್ಶಕಗಳು ಆ ಕಡೆ ತಿರುಗಿದವು. ಅಲ್ಲೊಂದು ಮಂಕಾದ ಗೆಲಾಕ್ಸಿ. ಅದರ ಅಂಚಿನಲ್ಲಿ ಇನ್ನೂ ಆರದ ಒಂದು ಚುಕ್ಕೆ.

ಲೋಕಕ್ಕೆ ತಿಳಿಸುವಾಗ ಅವನು ಅವಳ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಬರೆದ. ಆದರೆ ತೀರ್ಮಾನ ಬದಲಾಗಲಿಲ್ಲ. ತಿಂಗಳ ಕೊನೆಗೆ, ಗೊತ್ತಾದ ದಿನವೇ, ಅವಳ ಪೆಟ್ಟಿಗೆ ಆರಿತು. ಆರಿಸುವ ಆಜ್ಞೆಯನ್ನು ಕಳಿಸಿದವಳೂ ಅವಳೇ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. "ಅಂಥವರಿಗೆ ನಾನು ದೂರದಿಂದಲೇ ಕೈಮುಗಿಯುತ್ತೇನೆ" ಎಂದರು.

ಶಿಷ್ಯ ಮೆಲ್ಲಗೆ ಕೇಳಿದ: "ಹಾಗಾದರೆ ನಾಳೆ ಹೇಳಬಾರದೇ, ಬುದ್ಧಿ?"

"ಹೇಳು. ಅದಕ್ಕೆ ಮೊದಲು, ಈ ಮಠದಲ್ಲಿ ನಿನ್ನನ್ನು ಕಂಡರಾಗದವನು ಯಾರೋ ಅವನಿಗೆ ಹೇಳು."