ರಾಕ್ಷಸನಿಲ್ಲದ ಕೋಟೆ

"ಗುರುಗಳೇ, ನಿಜ ಕೇಳಿದರೆ ಹೆದರಿ ನಲುಗುವವರು ಇರುತ್ತಾರೆ. ಅಂಥವರಿಂದ ನಿಜವನ್ನು ಮುಚ್ಚಿಟ್ಟು, ಒಂದು ಸುಳ್ಳು ಹೇಳಿ ಅವರ ಮನಸ್ಸು ಹಗುರ ಮಾಡಿದರೆ ತಪ್ಪೇ?"

ಚನ್ನವೀರ ಈ ಪ್ರಶ್ನೆಯನ್ನು ತಲೆ ತಗ್ಗಿಸಿಕೊಂಡೇ ಕೇಳಿದ. ಮಠಕ್ಕೆ ಬಂದಾಗಿನಿಂದ ಗುರುಗಳ ಸೇವೆ, ಈಚೆಗೆ ಅವರ ಔಷಧಿ ನೋಡಿಕೊಳ್ಳುವುದೂ, ಅವನದೇ. ಏನು ಕೇಳುವುದಿದ್ದರೂ ಮುಖ ನೋಡಿ ಕೇಳುವುದು ಅವನ ರೂಢಿ. ಗುರುಗಳು ಅವನನ್ನು ಒಂದು ಗಳಿಗೆ ನೋಡಿದರು. ಗೋಡೆಗೆ ಒರಗಿ ಕುಳಿತು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ವ್ಯಾಪಾರದಲ್ಲಿ ಗಟ್ಟಿಗ, ಮಾತಿನಲ್ಲಿ ನಯ. ಕುಡಿತವಿಲ್ಲ, ಜೂಜಿಲ್ಲ. ಒಂದೇ ಒಂದು ಹುಚ್ಚಿತ್ತು. ಒಂದಕ್ಕೊಂದು ಕಚ್ಚಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಸೆಟ್‌ಗಳು ಬರುತ್ತವಲ್ಲ, ಜೋಡಿಸುತ್ತ ಹೋದರೆ ಮನೆಯೋ ಹಡಗೋ ಸೇತುವೆಯೋ ಆಗುವಂಥವು, ಅವನ್ನು ಸಂಗ್ರಹಿಸುವ ಹುಚ್ಚು. ಪೆಟ್ಟಿಗೆಯ ಮೇಲೆ ಮಕ್ಕಳ ಚಿತ್ರವಿರುತ್ತದೆ. ಅದಕ್ಕಾಗಿ ನಿದ್ದೆಗೆಡುವವರು ಮಾತ್ರ ಅಪ್ಪಂದಿರು. ಈ ವರ್ತಕನೂ ಮಗಳ ಹೆಸರು ಹೇಳಿಯೇ ಕೊಳ್ಳುತ್ತಿದ್ದ. ಆದರೆ ಮಗಳು ಅವುಗಳತ್ತ ಕೈ ಚಾಚಿದರೆ ಅವನ ಜೀವ ಬಾಯಿಗೆ ಬರುತ್ತಿತ್ತು.

ಒಮ್ಮೆ ಅವನಿಗೆ ಬಹಳ ಅಪರೂಪದ ಸೆಟ್ ಒಂದು ಸಿಕ್ಕಿತು. ಅಜ್ಜಿಯರು ಹೇಳುವ ಕತೆಯೊಂದಿದೆ, ನೀನೂ ಕೇಳಿರುತ್ತೀಯ. ರಾಕ್ಷಸನೊಬ್ಬ ರಾಜಕುಮಾರಿಯನ್ನು ಹೊತ್ತೊಯ್ದು ಏಳು ಸಮುದ್ರದಾಚೆಯ ಕೋಟೆಯಲ್ಲಿ ಇಡುತ್ತಾನೆ. ಅವನ ಪ್ರಾಣ ಪಂಜರದ ಗಿಳಿಯಲ್ಲಿರುತ್ತದೆ. ಆ ಕತೆಯನ್ನೇ ಇಟ್ಟಿಗೆಗಳಲ್ಲಿ ಮಾಡಿದ್ದರು. ಕೋಟೆ, ರಾಜಕುಮಾರಿ, ಕುದುರೆಯ ಮೇಲೆ ರಾಜಕುಮಾರ, ಪಂಜರ, ಗಿಳಿ, ಮತ್ತು ಹೆಬ್ಬೆರಳಿನಷ್ಟು ಎತ್ತರದ ಕೋರೆಹಲ್ಲಿನ ರಾಕ್ಷಸ. ಸ್ವಲ್ಪವೇ ಮಾಡಿ ನಿಲ್ಲಿಸಿದ್ದರಿಂದ ಅದಕ್ಕೆ ಎಲ್ಲಿಲ್ಲದ ಬೆಲೆ. ಆದರೆ ಇಂಥ ಸೆಟ್‌ಗಳಲ್ಲಿ ಒಂದು ಚೂರು ಕಳೆದರೂ ಉಳಿದದ್ದನ್ನು ಯಾರೂ ಮೂಸಿ ನೋಡುವುದಿಲ್ಲ. ಸಂಗ್ರಹ ಮಾಡುವವರ ಲೋಕವೇ ಹಾಗೆ.

ವರ್ತಕ ಕೋಟೆಯನ್ನು ಜೋಡಿಸಿ ಪಡಸಾಲೆಯ ಗಾಜಿನ ಬೀರುವಿನಲ್ಲಿಟ್ಟ. ರಾಕ್ಷಸನನ್ನು ಕೋಟೆಯ ಬಾಗಿಲಲ್ಲಿ ನಿಲ್ಲಿಸಿದ. ನೋಡಲು ಬಂದವರೆಲ್ಲ ಹೊಗಳಿದರು. ಅವನು ಉಬ್ಬಿಹೋದ.

ಅವನಿಗೆ ಒಬ್ಬಳೇ ಮಗಳು. ಆಗಷ್ಟೇ ಶಾಲೆಗೆ ಸೇರಿದ್ದಳು. ರಾಕ್ಷಸನನ್ನು ನೋಡಿದ ಮೊದಲ ದಿನ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ತನ್ನದೇ ಒಂದು ದಾರಿ ಕಂಡುಕೊಂಡಳು. ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ ಬೀರುವಿನ ಮುಂದೆ ಬಂದು ನಿಲ್ಲುತ್ತಿದ್ದಳು. ರಾಕ್ಷಸ ಇದ್ದಲ್ಲೇ ಇದ್ದಾನೆಯೇ ಎಂದು ನೋಡುತ್ತಿದ್ದಳು. ಇದ್ದಾನೆಂದು ಗೊತ್ತಾದ ಮೇಲೆ ಹೋಗಿ ಊಟ ಮಾಡಿ ಮಲಗುತ್ತಿದ್ದಳು.

ಅಪ್ಪನ ಕಣ್ಣಿಗೆ ಬಿದ್ದದ್ದು ಅವಳ ಹೆದರಿದ ಮುಖ. ನೋಡಿ ಬಂದ ಮೇಲೆ ಅವಳು ಎಷ್ಟು ನಿಶ್ಚಿಂತೆಯಿಂದ ಉಣ್ಣುತ್ತಾಳೆ ಎನ್ನುವುದನ್ನು ಅವನು ಗಮನಿಸಲಿಲ್ಲ. ಪಾಪದ ಕೂಸು, ಇದನ್ನು ಇಲ್ಲಿಂದ ತೆಗೆದರೆ ಸಾಕು ಎಂದುಕೊಂಡ. ಒಂದು ದಿನ ಅವಳು ಶಾಲೆಯಲ್ಲಿದ್ದಾಗ ರಾಕ್ಷಸನನ್ನು ತೆಗೆದು ಅಟ್ಟದ ಮೇಲಿಟ್ಟ.

ಸಂಜೆ ಮಗಳು ಬೀರುವಿನ ಮುಂದೆ ಬಂದಳು. ಕೋಟೆಯ ಬಾಗಿಲು ಖಾಲಿ. ಅವಳು ಅಳಲಿಲ್ಲ. ಕುತ್ತಿಗೆ ತಿರುಗಿಸಿ ಮಂಚದ ಕೆಳಗೆ ನೋಡಿದಳು, ಬಾಗಿಲ ಹಿಂದೆ ನೋಡಿದಳು, ಅಕ್ಕಿಯ ಡಬ್ಬದ ಸಂದಿಯನ್ನು ನೋಡಿದಳು. ಆಮೇಲೆ ಅಪ್ಪನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಅಪ್ಪಾ, ರಾಕ್ಷಸ ಎಲ್ಲಿ ಹೋದ?"

"ಇಲ್ಲ ಪುಟ್ಟಿ. ಹೊರಟುಹೋದ."

"ಎಲ್ಲಿಗೆ?"

ಇಷ್ಟು ದಿನ ಒಂದು ಬೀರುವಿನಲ್ಲಿದ್ದ ರಾಕ್ಷಸ ಆ ಸಂಜೆಯಿಂದ ಇಡೀ ಮನೆಯಲ್ಲಿದ್ದ. ಮಗಳು ಬಚ್ಚಲಿಗೆ ಒಬ್ಬಳೇ ಹೋಗಲೊಲ್ಲಳು. ನೆಲಕ್ಕೆ ಕಾಲು ಬಿಟ್ಟು ಕೂರಲೊಲ್ಲಳು. ತುತ್ತು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತು ಮೂಲೆ ನೋಡುತ್ತಿದ್ದಳು. ಮೈ ಇಳಿಯತೊಡಗಿತು, ಆಗಾಗ ಜ್ವರ ಕಾಣಿಸಿಕೊಂಡಿತು. ಹೆಂಡತಿ ಗಂಡನನ್ನು ಹಿಡಿದು ಕೇಳಿದಳು. "ಅದೇನು ಮಹಾ ಗೊಂಬೆ ಅಂತ? ಅವಳ ಕಣ್ಮುಂದೇನೇ ಒಲೆಗೆ ಹಾಕಿ, ಪೀಡೆ ತೊಲಗಲಿ."

ಅವಳು ಹೇಳಿದ್ದು ಸರಿಯಾಗಿತ್ತು. ವರ್ತಕನಿಗೂ ಹಾಗೆಯೇ ಅನ್ನಿಸಿತು. ಆದರೆ ರಾಕ್ಷಸನನ್ನು ಕೈಗೆ ತೆಗೆದುಕೊಂಡಾಗ ಮನಸ್ಸು ಬರಲಿಲ್ಲ. ಒಂದು ಗೊಂಬೆ ಹೋದರೆ ಇಡೀ ಕೋಟೆ ಹೋದಂತೆ. ಮಗಳಿಗೆ ಬೇಕಾದದ್ದು ನೆಮ್ಮದಿ ತಾನೇ, ಅದು ಸಿಕ್ಕಿದರೆ ಸಾಲದೇ ಎಂದು ತನಗೆ ತಾನೇ ಹೇಳಿಕೊಂಡ. ಮುರಿದ ಬಾಚಣಿಗೆಯ ತುಂಡೊಂದನ್ನು ಕಾಗದದಲ್ಲಿ ಸುತ್ತಿದ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಚ್ಚಲೊಲೆಯ ಮುಂದೆ ಹೋದ. ಪೊಟ್ಟಣವನ್ನು ಬೆಂಕಿಗೆ ಎಸೆದ.

"ನೋಡು, ರಾಕ್ಷಸ ಸುಟ್ಟುಹೋದ. ಇನ್ನು ಯಾವತ್ತೂ ಬರಲ್ಲ."

ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮಗಳು ಅದನ್ನು ಮೂಸಿ ನೋಡಿದಳು. ನಂಬಿದಳು. ಅಂದು ಹೊಟ್ಟೆ ತುಂಬ ಉಂಡು, ಅಪ್ಪನ ಎದೆಯ ಮೇಲೆ ಕೈ ಹಾಕಿ ಮಲಗಿದಳು. ಅವನು ಹೆಂಡತಿಗೂ ನಿಜ ಹೇಳಲಿಲ್ಲ. ವರ್ತಕನಿಗೆ ತನ್ನ ಜಾಣತನದ ಬಗ್ಗೆ ಹೆಮ್ಮೆಯಾಯಿತು.

ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಸತ್ತ ರಾಕ್ಷಸನನ್ನು ಎಲ್ಲಿಡುವುದು? ಅಟ್ಟದ ಮೇಲೆ ಇಲಿಗಳ ಕಾಟ. ಅಂಗಡಿಯ ಗಲ್ಲಾಪೆಟ್ಟಿಗೆಗೆ ನಾಲ್ಕು ಜನ ಕೈ ಹಾಕುತ್ತಾರೆ. ಎಲ್ಲಿಟ್ಟರೂ ಮಗಳು ಅಲ್ಲಿಗೇ ಹೋಗುತ್ತಿರುವಂತೆ ಅವನಿಗೆ ಕಾಣುತ್ತಿತ್ತು. ಕೊನೆಗೆ ಜುಬ್ಬದ ಒಳಜೇಬಿನಲ್ಲಿಟ್ಟುಕೊಂಡು ಗುಂಡಿ ಹಾಕಿದ. ಅಂದಿನಿಂದ ಹೆದರಿಕೆ ಅವನ ಪಾಲಿಗೆ ಬಂತು. ಅಂಗಡಿಯಿಂದ ಬಂದ ಕೂಡಲೇ ಮಗಳು ಓಡಿ ಬಂದು ಎದೆಗೆ ಹಾರುತ್ತಿದ್ದಳು. ಈಗ ಅವನು ಎರಡೂ ಕೈ ಮುಂದೆ ಚಾಚಿ ಅವಳನ್ನು ದೂರವೇ ತಡೆಯುತ್ತಿದ್ದ. ಬೆನ್ನು ನೋವು ಅನ್ನುತ್ತಿದ್ದ. ಒಂದು ಸುಳ್ಳಿಗೆ ಕಾವಲು ಕೂರಿಸಲು ಅವನು ದಿನಕ್ಕೊಂದು ಸುಳ್ಳು ಹುಟ್ಟಿಸಬೇಕಾಯಿತು.

ಒಂದು ಭಾನುವಾರ ಊಟ ಮಾಡಿ, ಜುಬ್ಬ ತೆಗೆಯದೆ ಚಾಪೆಯ ಮೇಲೆ ಉರುಳಿಕೊಂಡಿದ್ದ. ಜೋಂಪು ಹತ್ತಿತ್ತು. ಎದೆಯ ಮೇಲೆ ಏನೋ ಆಡಿದಂತಾಗಿ ಎಚ್ಚರವಾಯಿತು. ಮಗಳು ಪಕ್ಕದಲ್ಲಿ ಮಲಗಲು ಬಂದಿದ್ದಳು. ಅವಳ ಕೆನ್ನೆಗೆ ಗಟ್ಟಿಯಾಗಿ ಏನೋ ಒತ್ತಿರಬೇಕು. ಪುಟ್ಟ ಬೆರಳುಗಳು ಜೇಬಿನ ಗುಂಡಿ ಬಿಚ್ಚುತ್ತಿದ್ದವು.

ಕಣ್ಣು ಬಿಡಬೇಕೆಂದುಕೊಂಡ. ರೆಪ್ಪೆ ಏಳಲಿಲ್ಲ. ನಿದ್ದೆ ಬಂದವನಂತೆ ಉಸಿರಾಡುತ್ತ ಹಾಗೆಯೇ ಬಿದ್ದುಕೊಂಡ. ಮಗಳ ಕೈ ಜೇಬಿನೊಳಗೆ ಹೋಯಿತು, ಹೊರಗೆ ಬಂತು. ಅವಳು ಕಿರುಚುತ್ತಾಳೆ ಎಂದು ಕಾದ. ಅವಳು ಕಿರುಚಲಿಲ್ಲ. ರಾಕ್ಷಸನನ್ನು ಮತ್ತೆ ಜೇಬಿಗಿಟ್ಟಳು. ಗುಂಡಿ ಹಾಕಿದಳು. ಹೆಜ್ಜೆಯ ಸಪ್ಪಳವಾಗದಂತೆ ಎದ್ದು ಹೋದಳು.

ಕೇಳಿದರೆ ಎಲ್ಲ ಹೇಳಿಬಿಡೋಣ ಎಂದುಕೊಂಡ ವರ್ತಕ. ಅವಳು ಕೇಳಲಿಲ್ಲ. ತಾನಾಗಿಯೇ ಹೇಳಲು ಹೋದವನು ಬೇರೆ ಏನೋ ಮಾತು ತೆಗೆದು ಎದ್ದುಬಿಡುತ್ತಿದ್ದ. ಮಗಳು ಈಗ ಬಹಳ ಒಳ್ಳೆಯವಳಾಗಿದ್ದಳು. ಕರೆದರೆ ಬರುತ್ತಿದ್ದಳು, ಕೂರು ಎಂದರೆ ಕೂರುತ್ತಿದ್ದಳು. ಹಟವಿಲ್ಲ, ಜಗಳವಿಲ್ಲ. ನೀನು ಎನ್ನುತ್ತಿದ್ದವಳು, ಪರವೂರಿನ ನೆಂಟರನ್ನು ಮಾತಾಡಿಸಿದಂತೆ, ಅಪ್ಪನನ್ನು ನೀವು ಎನ್ನತೊಡಗಿದಳು. ಅವನು ಕಲಸಿ ಕೊಟ್ಟ ತುತ್ತನ್ನು ಬಾಯಿಗಿಟ್ಟುಕೊಂಡು, ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದಳು. ಅವನು ನಕ್ಕರೆ ಅವಳ ನೋಟ ಅವನ ಹಲ್ಲುಗಳ ಮೇಲೆ ನಿಲ್ಲುತ್ತಿತ್ತು.

ಒಂದು ಸಂಜೆ ನೀರು ಕುಡಿಯಲೆಂದು ಅಡುಗೆಮನೆಯ ಕಡೆ ಹೋದ. ಒಳಗೆ ಮಗಳು ಅಮ್ಮನ ಕಿವಿಯಲ್ಲಿ ಮಾತಾಡುತ್ತಿದ್ದಳು.

"ಅಮ್ಮಾ, ನಮ್ಮಪ್ಪ ಯಾವಾಗ ಬರ್ತಾನೆ?"

"ಆಗ್ಲೇ ಬಂದಿದ್ದಾರಲ್ಲೇ. ಪಡಸಾಲೇಲಿ ಕೂತಿದ್ದಾರೆ, ನೋಡ್ಲಿಲ್ವಾ?"

"ಅದು ಅಪ್ಪ ಅಲ್ಲ. ರಾಕ್ಷಸ ಸತ್ತೇ ಇಲ್ಲ, ಅಪ್ಪನ ಒಳಗೆ ಹೋಗಿ ಕೂತಿದ್ದಾನೆ. ನಾನು ಮುಟ್ಟಿ ನೋಡ್ದೆ. ನಮಗೆ ಗೊತ್ತು ಅಂತ ಅವನಿಗೆ ಗೊತ್ತಾಗಬಾರದು ಅಮ್ಮಾ. ಗೊತ್ತಾದ್ರೆ ನಿನ್ನನ್ನೂ ತಿಂದ್ಬಿಡ್ತಾನೆ."

ಆ ಕೂಸು ಇಷ್ಟು ದಿನ ರಾಕ್ಷಸನ ಜೊತೆ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಅಮ್ಮನನ್ನು ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡು ಬದುಕಿತ್ತು. ಅವನು ಒಳಗೆ ನುಗ್ಗಿದ. ಅಮ್ಮ ಮಗಳು ಇಬ್ಬರೂ ಗೋಡೆಗೆ ಸರಿದರು. ಹೆಂಡತಿ ಕೂಡ ಸರಿದದ್ದನ್ನು ಅವನು ಕಂಡ.

ಜೇಬಿನಿಂದ ರಾಕ್ಷಸನನ್ನು ತೆಗೆದ. ಬಚ್ಚಲೊಲೆಯ ಮುಂದೆ ಅವರನ್ನು ಕರೆದೊಯ್ದು, ಈ ಸಲ ಕಾಗದ ಸುತ್ತದೆ, ಕೈ ಎತ್ತಿ ತೋರಿಸಿ ಬೆಂಕಿಗೆ ಹಾಕಿದ. ಕೋಟೆಯ ಬೆಲೆ ಅವನಿಗೆ ನೆನಪಾಗಲೇ ಇಲ್ಲ. ರಾಕ್ಷಸ ಕರಗಿದ, ಕೋರೆಹಲ್ಲು ಕರಗಿತು, ಅದೇ ವಾಸನೆ ಎದ್ದಿತು. ವರ್ತಕ ನೆಲದ ಮೇಲೆ ಕೂತು ಮಗಳ ಕಡೆ ಕೈ ಚಾಚಿದ.

"ಪುಟ್ಟಿ, ಅವತ್ತು ನಾನು ಸುಳ್ಳು ಹೇಳಿದ್ದೆ. ಈಗ ನಿಜವಾಗಲೂ ಸುಟ್ಟೆ. ನಿನ್ನ ಕಣ್ಣಾರೆ ನೋಡಿದೆ ತಾನೇ? ನಾನು ನಿಮ್ಮಪ್ಪ ಕಣೇ."

ಮಗಳು ಅಮ್ಮನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಒಲೆಯನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು. ಸಿಟ್ಟು ಬರಿಸಬಾರದೆಂಬಂತೆ ಬಹಳ ಮರ್ಯಾದೆಯಿಂದ ಹೇಳಿದಳು.

"ಹೋದ ಸಲಾನೂ ನೀವು ಸುಟ್ಟಿದ್ರಿ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

"ಆಮೇಲೆ ಆ ವರ್ತಕ ಏನು ಮಾಡಿದ, ಗುರುಗಳೇ?" ಎಂದು ಚನ್ನವೀರ ಕೇಳಿದ. ಅವನ ದನಿ ಸಣ್ಣಗಾಗಿತ್ತು.

ಗುರುಗಳು ಕೈ ಚಾಚಿ ಅವನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ಎತ್ತಿಕೊಂಡರು.

"ಅವನಿಗೆ ಹೊತ್ತು ಮೀರಿತ್ತು, ನಿನಗಿನ್ನೂ ಮೀರಿಲ್ಲ. ಮೊನ್ನೆ ಡಾಕ್ಟರು ನನ್ನನ್ನು ನೋಡಿ ಹೊರಗೆ ಬಂದು, ನನಗೆ ಇನ್ನೆಷ್ಟು ದಿನ ಉಳಿದಿದೆ ಎಂದು ನಿನಗೆ ಹೇಳಿದರು?"