ಗವಿಯ ಕಟ್ಟು

ವರದಾರ್ಯರ ಆಶ್ರಮಕ್ಕೆ ಬಂದ ಶಿಷ್ಯರು ಎರಡು ಕಾರಣಕ್ಕೆ ಓಡಿಹೋಗುತ್ತಿದ್ದರು. ಒಂದು, ಅಲ್ಲಿಯ ಗಂಜಿ. ಇನ್ನೊಂದು, ಗವಿಯ ಕಟ್ಟು.

ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡು ಹೇಗೋ ಕಾಲ ಹಾಕಬಹುದಿತ್ತು. ಗವಿಯ ಕಟ್ಟಿಗೆ ಅಂಥ ಉಪಾಯವೇನೂ ಇರಲಿಲ್ಲ.

ಅದು ಆರುನೂರು ತಾಳೆಯೋಲೆಗಳ ಕಟ್ಟು. ಯಾರು ಬರೆದರೋ ಗೊತ್ತಿಲ್ಲ. ಓದಲು ಇಬ್ಬರು ಬೇಕು. ಒಬ್ಬರು ಓಲೆ ಹಿಡಿದು, ನೀನು ಇಂಥ ಕಡೆ ನಿಂತಿದ್ದೀಯೆ, ಎದುರಿಗೆ ಇಂಥದ್ದಿದೆ, ಏನು ಮಾಡುತ್ತೀಯೆ ಎಂದು ಓದಬೇಕು. ಇನ್ನೊಬ್ಬರು ಉತ್ತರ ಹೇಳಬೇಕು.

ಜೊತೆಗೊಂದು ಚಿಕ್ಕ ಕಟ್ಟು ಇತ್ತು, ಎಲ್ಲ ಓಲೆಗಳ ಉತ್ತರಗಳೂ ಅದರಲ್ಲಿ ಅಕ್ಷರಕ್ರಮದಲ್ಲಿ ಬೆರೆತಿದ್ದವು. ಓಲೆ ಹಿಡಿದವರು ಆ ಉತ್ತರವನ್ನು ಅದರಲ್ಲಿ ಹುಡುಕಬೇಕು. ಸಿಕ್ಕಿದರೆ ಮುಂದಿನ ಓಲೆ ಎಷ್ಟನೆಯದೆಂದು ಅಲ್ಲೇ ಬರೆದಿರುತ್ತದೆ. ಸಿಗದಿದ್ದರೆ, "ಓಲೆಗೆ ಆ ಮಾತು ತಿಳಿಯದು" ಎನ್ನಬೇಕು. ಗವಿಯಲ್ಲಿ ಸತ್ತರೆ ಮತ್ತೆ ಮೊದಲ ಓಲೆಯಿಂದ ಶುರು.

ಹೊನ್ನಯ್ಯನಿಗೆ ಇಪ್ಪತ್ತೆರಡು ವರ್ಷ. ತರ್ಕ, ವ್ಯಾಕರಣ ಕಲಿತು ಹೆಸರು ಮಾಡಬೇಕೆಂದು ಬಂದವನು. ಬೆಳಗ್ಗೆ ಆ ಪಾಠಗಳೆಲ್ಲ ನಡೆಯುತ್ತಿದ್ದವು. ಮಧ್ಯಾಹ್ನ ಗುರುಗಳು ಹೊಳೆಯ ದಂಡೆಯ ಹೊಂಗೆ ಮರದ ಕೆಳಗೆ ಗವಿಯ ಕಟ್ಟು ಬಿಚ್ಚಿ ಕೂರುತ್ತಿದ್ದರು.

ಮೊದಲ ದಿನ ಅವರು ಓದಿದರು. "ಗವಿಯ ಬಾಯಲ್ಲಿ ನಿಂತಿದ್ದೀಯೆ. ಪಕ್ಕದ ಕಲ್ಲಿನ ಮೇಲೆ ಒಂದು ದೀಪ ಉರಿಯುತ್ತಿದೆ. ಏನು ಮಾಡುತ್ತೀಯೆ?"

"ಒಳಗೆ ಹೋಗ್ತೀನಿ."

ಗುರುಗಳು ನಿಧಾನವಾಗಿ ಓಲೆ ತಿರುಗಿಸಿದರು. "ಕತ್ತಲು. ಕಾಲು ಜಾರಿತು. ಸತ್ತೆ."

ಇದೇನು ಮಕ್ಕಳಾಟ ಎಂದು ಹೊನ್ನಯ್ಯ ಗೊಣಗಿದ. ಮಾರನೆಯ ದಿನ ದೀಪ ತೆಗೆದುಕೊಂಡೇ ಒಳಗೆ ಹೋದ. ಈ ಸಲ ಹತ್ತು ಹೆಜ್ಜೆ ಬದುಕಿದ.

ಒಂದು ಕಲ್ಲಿನ ಬಾಗಿಲ ಮುಂದೆ ನಾಲ್ಕು ತಿಂಗಳು ನಿಂತ. ಸ್ನಾನ ಮಾಡುವಾಗ ಅದೇ ಯೋಚನೆ, ಸೌದೆ ಒಡೆಯುವಾಗ ಅದೇ. ಕೊನೆಗೊಂದು ಮಧ್ಯಾಹ್ನ ಸರಿಯಾದ ಮಾತು ಬಾಯಿಗೆ ಬಂತು, ಬಾಗಿಲು ತೆರೆಯಿತು. ಹೊನ್ನಯ್ಯ ಹೊಂಗೆ ಮರಕ್ಕೆ ಮೂರು ಸುತ್ತು ಬಂದ. ಅವತ್ತಿನ ಗಂಜಿ ಕೂಡ ರುಚಿಯಾಗಿತ್ತು.

ಬೇರೆ ಪುಸ್ತಕಗಳು ಅವನು ತೂಕಡಿಸಿದರೂ ತಮ್ಮ ಪಾಡಿಗೆ ಮುಂದೆ ಹೋಗುತ್ತಿದ್ದವು. ಇದು ಅವನಿಗಾಗಿ ಕಾಯುತ್ತಿತ್ತು. ಅದಕ್ಕೇ ಬೈದುಕೊಂಡಾದರೂ ದಿನಾ ಮರದ ಕೆಳಗೆ ಬಂದು ಕೂರುತ್ತಿದ್ದ.

ಎರಡು ವರ್ಷಕ್ಕೆ ಗವಿಯೊಳಗಿನ ಹೊಳೆ ಸಿಕ್ಕಿತು. ಅಲ್ಲಿ ಒಂದು ದೋಣಿ, ಒಬ್ಬ ದೋಣಿಕಾರ. ಅವನು ಮಾತ್ರ ದಾಟಿಸಲು ಒಪ್ಪಲಿಲ್ಲ. ಹೊನ್ನಯ್ಯ ಬೇಡಿದ, ಗದರಿಸಿದ, ಬೆರಳಿನ ಉಂಗುರ ಕೊಟ್ಟ, ಶ್ಲೋಕ ಹೇಳಿದ. ಈಜಿ ಸತ್ತ. ದೋಣಿ ಕದ್ದೂ ಸತ್ತ.

ಹೀಗೆ ಇನ್ನೊಂದು ವರ್ಷ ಕಳೆಯಿತು.

ಅಷ್ಟರಲ್ಲಿ ಶ್ರೀಕಂಠ ಆಶ್ರಮಕ್ಕೆ ಬಂದ. ಹೊನ್ನಯ್ಯನ ಜೊತೆಗೇ ಸೇರಿ, ಗವಿಯ ಕಟ್ಟನ್ನು ಮೂರೇ ದಿನಕ್ಕೆ ಬಿಟ್ಟು ಹೋದವನು. ಈಗ ಪಟ್ಟಣದ ಒಂದು ಮಠದಲ್ಲಿ ಪಂಡಿತ. ಹೆಗಲ ಮೇಲೆ ಶಾಲು ಬಂದಿತ್ತು, ಮೈಯೂ ತುಂಬಿಕೊಂಡಿತ್ತು. ಮಠದಲ್ಲಿ ಇನ್ನೊಬ್ಬರು ಬೇಕಾಗಿದ್ದಾರೆ, ಶುಕ್ರವಾರ ನನ್ನ ದೋಣಿಯಲ್ಲೇ ಹೊರಟುಬಿಡು, ಇಲ್ಲಿದ್ದರೆ ಆಟದಲ್ಲೇ ಮುದುಕನಾಗುತ್ತೀಯ ಎಂದು ಅವನು ಹೊನ್ನಯ್ಯನಿಗೆ ಹೇಳಿದ.

ಮಾತು ನಾಟಿತು. ಹೊನ್ನಯ್ಯ ನೇರವಾಗಿ ಗುರುಗಳ ಹತ್ತಿರ ಹೋದ. ಶುಕ್ರವಾರದೊಳಗೆ ಗವಿಯ ಹೊಳೆ ದಾಟಿದರೆ ಇರುತ್ತೇನೆ, ಇಲ್ಲದಿದ್ದರೆ ಅಪ್ಪಣೆ ಕೊಡಿ ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಉತ್ತರ ನಿಮ್ಮ ಕೈಯಲ್ಲೇ ಇದೆ. ಮೂರು ವರ್ಷದಿಂದ ನನ್ನನ್ನ ಸತಾಯಿಸ್ತಿದ್ದೀರಿ."

"ನನಗೆ ಗೊತ್ತಿಲ್ಲ ಕಣೋ."

ಹೊನ್ನಯ್ಯ ನಂಬಲಿಲ್ಲ.

"ನನ್ನ ಗುರುಗಳು ಓಲೆ ಹಿಡೀತಿದ್ರು, ನಾನು ಹೇಳ್ತಿದ್ದೆ," ಎಂದರು ವರದಾರ್ಯರು. "ಆ ದೋಣಿಕಾರನ ಮುಂದೆ ನಾನು ನಿಂತಿದ್ದಾಗ ಅವರು ತೀರಿಕೊಂಡ್ರು. ನಲವತ್ತು ವರ್ಷ ಆಯ್ತು. ಅಲ್ಲೇ ನಿಂತಿದ್ದೀನಿ."

"ಬಿಚ್ಚಿ ನೋಡಬಹುದಿತ್ತಲ್ಲ?"

"ನೋಡಬಹುದಿತ್ತು."

ಅಷ್ಟು ಹೇಳಿ ಅವರು ಪಂಚೆಯ ತುದಿಯಿಂದ ಓಲೆಯ ಧೂಳು ಒರೆಸತೊಡಗಿದರು. ಈವರೆಗೆ ಹನ್ನೊಂದು ಜನಕ್ಕೆ ಓಲೆ ಹಿಡಿದಿದ್ದೇನೆ, ಹೊಳೆಯವರೆಗೆ ಬಂದವನು ನೀನೊಬ್ಬನೇ ಎಂದು ಕೆಲಸ ಮಾಡುತ್ತಲೇ ಹೇಳಿದರು.

ಹೊನ್ನಯ್ಯ ಯೋಚಿಸಿದ. ತಾನು ಹೋದರೆ ತನಗೆ ಪಟ್ಟಣವಿದೆ, ಶಾಲು ಇದೆ. ಈ ಮುದುಕರು ಮಾತ್ರ ದಡದಲ್ಲೇ ಉಳಿದುಬಿಡುತ್ತಾರೆ.

ಶುಕ್ರವಾರ ಬಂದೇಬಿಟ್ಟಿತು. ಹೊನ್ನಯ್ಯನ ಗಂಟು ದೋಣಿ ಸೇರಿತ್ತು. ಶ್ರೀಕಂಠ ದೋಣಿಯಲ್ಲಿ ಕೂತು ಕೂಗುತ್ತಿದ್ದ. ಹೊನ್ನಯ್ಯ ಗುರುಗಳ ಕಾಲಿಗೆ ನಮಸ್ಕಾರ ಮಾಡಿದವನು ಏಳದೆ ಅಲ್ಲೇ ಕೂತ.

"ಇನ್ನೊಂದೇ ಸಲ ಓದಿ ಗುರುಗಳೇ. ಉತ್ತರ ಹೇಳೋದಿಲ್ಲ. ಸುಮ್ಮನೆ ಕೇಳ್ತೀನಿ."

ಗುರುಗಳು ಓದಿದರು. "ಕಪ್ಪು ಹೊಳೆ. ದಡದಲ್ಲಿ ದೋಣಿ. ದೋಣಿಕಾರ ಹರಿದ ಬಲೆ ಹೊಲಿಯುತ್ತಿದ್ದಾನೆ. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದಾನೆ. ತಲೆ ಎತ್ತುವುದಿಲ್ಲ. ಏನು ಮಾಡುತ್ತೀಯೆ?"

ಹೆಬ್ಬೆರಳು ಎಂದ ಕೂಡಲೇ ಹೊನ್ನಯ್ಯನಿಗೆ ಅಪ್ಪ ನೆನಪಾದ.

ಆಶ್ರಮದಲ್ಲಿ ಯಾರಿಗೂ ಹೇಳಿರಲಿಲ್ಲ, ಅವನು ಮೀನು ಹಿಡಿಯುವವರ ಮನೆಯ ಮಗ. ವಿದ್ವಾಂಸನಾಗಲು ಬಂದವನು ಬಲೆಯ ಮಾತು ಯಾಕೆ ಎತ್ತಬೇಕೆಂದು ಸುಮ್ಮನಿದ್ದ. ಬಲೆ ಹೊಲಿಯುವಾಗ ಅದನ್ನು ಎಳೆದು ಹಿಡಿಯಲು ಇನ್ನೊಬ್ಬರು ಬೇಕು. ಮಗ ಎದುರಿಗಿದ್ದಾಗ ಅಪ್ಪ ತುದಿಯನ್ನು ಅವನ ಕೈಗೆ ಕೊಡುತ್ತಿದ್ದ. ಯಾರೂ ಇಲ್ಲದ ದಿನ ಮಾತ್ರ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

"ಬಲೆಯ ತುದಿ ಹಿಡೀತೀನಿ," ಎಂದ ಹೊನ್ನಯ್ಯ.

ಗುರುಗಳು ಚಿಕ್ಕ ಕಟ್ಟು ತೆಗೆದರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಕಡೆ ನಿಂತಿತು.

ದೊಡ್ಡ ಕಟ್ಟಿನ ಆ ಓಲೆ ಪಕ್ಕದ ಓಲೆಗೆ ಅಂಟಿಕೊಂಡಿತ್ತು. ಅವರು ಮೆಲ್ಲಗೆ ಊದಿ ಬಿಡಿಸಿದರು. ಬೆಳಕಿಗೆ ಹಿಡಿದು ಓದತೊಡಗಿದರು.

"ದೋಣಿಕಾರ ತಲೆ ಎತ್ತಿದ. ಬೆರಳಿನಿಂದ ಬಲೆ ಬಿಡಿಸಿ ನಿನ್ನ ಕೈಗೆ ಕೊಟ್ಟ. ಹೊಲಿಗೆ ಮುಗಿಯಿತು. ದೋಣಿ ಹತ್ತು ಎಂದ. ಈಗ ಆಚೆ ದಡ ಹತ್ತಿರ ಬರುತ್ತಿದೆ. ಹುಲ್ಲಿನ ವಾಸನೆ. ಎಲ್ಲೋ ಹಕ್ಕಿ ಕೂಗುತ್ತಿದೆ."

ಓಲೆಯ ಮೇಲೆ ಹನಿ ಬೀಳದಂತೆ ಗುರುಗಳು ಮುಖ ಆಚೆ ತಿರುಗಿಸಿದರು. "ಆ ಬೆರಳಿನ ಸಾಲನ್ನ ಎಷ್ಟು ಸಲ ಓದಿದ್ದೀನೋ," ಎಂದರು. "ಏನು ಮಾಡ್ತೀಯ ಈಗ?"

ಹೊನ್ನಯ್ಯನಿಗೆ ಖುಷಿ ತಡೆಯಲಾಗಲಿಲ್ಲ. "ದಡಕ್ಕೆ ಹಾರ್ತೀನಿ."

ಗುರುಗಳು ಹುಡುಕಿದರು, ತಿರುಗಿಸಿದರು. "ಕೆಸರು. ಮುಳುಗಿದೆ. ಸತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಗು ನಿಲ್ಲುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ದೋಣಿಯಿಂದ ಶ್ರೀಕಂಠ, ಬರ್ತೀಯೋ ಇಲ್ಲವೋ ಎಂದು ಕೇಳಿದ. ಹೊನ್ನಯ್ಯ ನೀರಿಗಿಳಿದು ತನ್ನ ಗಂಟು ಎತ್ತಿಕೊಂಡು ಬಂದ. ದೋಣಿ ಹೊರಟಿತು.

ಅವನು ವಾಪಸು ಬಂದಾಗ ಗುರುಗಳು ಓಲೆಗಳನ್ನು ಜೋಡಿಸಿ ಮೊದಲನೆಯದನ್ನು ಮೇಲಿಟ್ಟಿದ್ದರು. ಆದರೆ ಅವನನ್ನು ಎದುರಿಗೆ ಕೂರಿಸಲಿಲ್ಲ. ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಏನೋ ಕೇಳಬೇಕು, ಹೇಗೆ ಕೇಳುವುದೆಂದು ತಿಳಿಯದವರ ಹಾಗೆ ನಿಂತಿದ್ದರು.

ಹೊನ್ನಯ್ಯನಿಗೆ ಅರ್ಥವಾಯಿತು. ಕೈ ಒರೆಸಿಕೊಂಡು ಕಟ್ಟು ಇಸಕೊಂಡ. ಗುರುಗಳು ಕೂರುತ್ತಿದ್ದ ಬೇರಿನ ಮೇಲೆ ತಾನು ಕೂತ. ಗುರುಗಳು ಅವನ ಎದುರಿಗೆ ಮರಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಗವಿಯ ಬಾಯಲ್ಲಿ ನಿಂತಿದ್ದೀಯೆ," ಎಂದು ಹೊನ್ನಯ್ಯ ಓದಿದ. "ಪಕ್ಕದ ಕಲ್ಲಿನ ಮೇಲೆ ಒಂದು ದೀಪ ಉರಿಯುತ್ತಿದೆ. ಏನು ಮಾಡುತ್ತೀಯೆ?"

ವರದಾರ್ಯರು ಕಣ್ಣು ಮುಚ್ಚಿಕೊಂಡು ಬೆನ್ನು ನೆಟ್ಟಗೆ ಮಾಡಿದರು.

"ಅವಸರ ಮಾಡಬೇಡ, ತಡಿ. ಮೊದಲು ದೀಪ ತಗೊಳ್ತೀನಿ."